ಗೆರಟೆ ಮಸಿಯ ಪಾಠ: ಸುತ್ತಲಿನ ಅನಿಲ ಏನು ಮಾಡ್ತದೆ?

ಮಕ್ಕಳೇ, ಬಚ್ಚಲೊಲೆಗೆ ತೆಂಗಿನ ಗೆರಟೆ ಹಾಕಿ ನೋಡಿದ್ದೀರಲ್ಲ? ಮೊದಲು ಹೊಗೆ ಬರ್ತದೆ. ಆಮೇಲೆ ಹಳದಿ ಜ್ವಾಲೆ ಭುಗ್ಗನೆ ಏಳ್ತದೆ. ಜ್ವಾಲೆ ಇಳಿದ ಮೇಲೆ ಕೆಂಪು ಕೆಂಡ ಉಳಿಯುತ್ತದೆ. ಕೆಂಡವನ್ನು ಹಾಗೆಯೇ ಬಿಟ್ಟರೆ ಬೂದಿ. ನೀರು ಹಾಕಿ ನಂದಿಸಿದರೆ ಮಸಿ, ಅಂದರೆ ಇದ್ದಿಲು. ಗೆರಟೆ ಒಂದೇ, ಕೊನೆಗೆ ಸಿಗುವುದು ಬೇರೆ ಬೇರೆ. ಯಾಕೆ ಹೀಗೆ? ಎಷ್ಟು ಬಿಸಿ, ಎಷ್ಟು ಬೇಗ ಬಿಸಿ, ಸುತ್ತ ಯಾವ ಅನಿಲ – ಈ ಮೂರು ಸಂಗತಿಗಳಲ್ಲಿ ಉತ್ತರವಿದೆ.

ಮಸಿ ಆಗುವುದು ಹೇಗೆ?

ಮರ, ಗೆರಟೆ, ಹುಲ್ಲು – ಇವುಗಳಲ್ಲೆಲ್ಲ ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಎಂಬ ದೊಡ್ಡ ಅಣುಗಳಿವೆ. ಬಿಸಿಯಾದಾಗ ಇವು ಒಡೆಯುತ್ತವೆ. ಹೆಮಿಸೆಲ್ಯುಲೋಸ್ ಸುಮಾರು 220ರಿಂದ 315 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೆಲ್ಯುಲೋಸ್ 315ರಿಂದ 400 ಡಿಗ್ರಿಯಲ್ಲಿ ಒಡೆಯುತ್ತದೆ. ಲಿಗ್ನಿನ್ ಮಾತ್ರ ನಿಧಾನ. ಒಡೆದ ಚೂರುಗಳು ಆವಿಯಾಗಿ ಹೊರಡುತ್ತವೆ. ಹಿಂದೆ ಉಳಿದ ಇಂಗಾಲವೇ ಮಸಿ. ಹೀಗೆ ಒಡೆಯಲು ಆಮ್ಲಜನಕ ಬೇಡ, ಬಿಸಿ ಸಾಕು. ಇದಕ್ಕೆ ಪೈರಾಲಿಸಿಸ್ ಎಂದು ಹೆಸರು.

100 ಗ್ರಾಂ ಒಣ ಮರವನ್ನು ಗಾಳಿ ತಾಗದಂತೆ ಗಂಟೆಗಟ್ಟಲೆ ನಿಧಾನವಾಗಿ ಕಾಯಿಸಿದರೆ ಸುಮಾರು 30–35 ಗ್ರಾಂ ಮಸಿ ಸಿಗುತ್ತದೆ. ಅದೇ ಮರವನ್ನು ಹುಡಿ ಮಾಡಿ, ಕೆಲವೇ ಸೆಕೆಂಡುಗಳಲ್ಲಿ 500 ಡಿಗ್ರಿಗೆ ಏರಿಸಿದರೆ ಸಿಗುವ ಮಸಿ ಸುಮಾರು 12–15 ಗ್ರಾಂ ಮಾತ್ರ. ನಿಧಾನವಾಗಿ ಕಾಯಿಸುವಾಗ ಆವಿ ಬಿಸಿ ಮಸಿಯ ಮಧ್ಯೆ ಹೆಚ್ಚು ಹೊತ್ತು ಇರುತ್ತದೆ. ಅದರಲ್ಲಿ ಒಂದಷ್ಟು ಮತ್ತೆ ಮಸಿಯಾಗಿ ಅಂಟಿಕೊಳ್ಳುತ್ತದೆ. ಬೇಗ ಕಾಯಿಸಿದರೆ ಆವಿ ಓಡಿಹೋಗುತ್ತದೆ. ಸುತ್ತಲಿನ ಅನಿಲ ಜೋರಾಗಿ ಬೀಸುತ್ತಿದ್ದರೂ ಹಾಗೆಯೇ: ಆವಿಯನ್ನು ಒಯ್ದುಬಿಡುತ್ತದೆ, ಮಸಿ ಕಡಿಮೆಯಾಗ್ತದೆ.

ನಾಲ್ಕು ಕೊಳವೆ, ನಾಲ್ಕು ಅನಿಲ

ಈಗ ನಾಲ್ಕು ಕೊಳವೆಗಳನ್ನು ಊಹಿಸಿ. ಒಂದರಲ್ಲಿ ನೈಟ್ರೋಜನ್, ಒಂದರಲ್ಲಿ ಇಂಗಾಲದ ಡೈಆಕ್ಸೈಡ್, ಒಂದರಲ್ಲಿ ನೀರಾವಿ, ಇನ್ನೊಂದರಲ್ಲಿ ಗಾಳಿ. ಎಲ್ಲದಕ್ಕೂ ಅದೇ ಮರದ ಹುಡಿ ಹಾಕಿ ಬೇಗನೆ ಕಾಯಿಸುತ್ತೇವೆ.

500 ಡಿಗ್ರಿಯಲ್ಲಿ ನೈಟ್ರೋಜನ್‌ನಲ್ಲೂ ಇಂಗಾಲದ ಡೈಆಕ್ಸೈಡ್‌ನಲ್ಲೂ ಸಿಗುವ ಮಸಿ ಹೆಚ್ಚುಕಡಿಮೆ ಒಂದೇ. ಇದಕ್ಕೆ ಎರಡು ಕಾರಣ. ಆ ಬಿಸಿಯಲ್ಲಿ ಇಂಗಾಲದ ಡೈಆಕ್ಸೈಡ್ ಮಸಿಯ ಜೊತೆ ವರ್ತಿಸುವುದು ತೀರಾ ನಿಧಾನ. ಜೊತೆಗೆ, ಶಾಲೆ ಬಿಟ್ಟ ಗಂಟೆ ಹೊಡೆದಾಗ ಗೇಟಿನ ಹತ್ತಿರ ನೋಡಿ: ಮಕ್ಕಳೆಲ್ಲ ಒಟ್ಟಿಗೆ ಹೊರಗೆ ನುಗ್ಗುವಾಗ ಯಾರಿಗಾದರೂ ಒಳಗೆ ಬರಲು ಆಗ್ತದಾ? ಮರದ ಕಣದಿಂದ ಆವಿ ನುಗ್ಗುವಾಗಲೂ ಹೊರಗಿನ ಅನಿಲಕ್ಕೆ ಒಳಗೆ ದಾರಿ ಸಿಗುವುದು ಕಷ್ಟ. ಗಾಳಿಯ ಕೊಳವೆಯಲ್ಲೂ ಮೊದಲು ಉರಿಯುವುದು ಆ ಆವಿಯೇ. ಅದು ಮುಗಿದ ಮೇಲೆ ಆಮ್ಲಜನಕ ಮಸಿಗೆ ತಾಗಿ ಅದನ್ನು ಬೂದಿ ಮಾಡುತ್ತದೆ.

ಇನ್ನು 900 ಡಿಗ್ರಿಗೆ ಹೋಗೋಣ. ನೈಟ್ರೋಜನ್‌ನಲ್ಲಿ ಮಸಿ ಹಾಗೆಯೇ ಉಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಈಗ ಸುಮ್ಮನಿರುವುದಿಲ್ಲ:

ಇಂಗಾಲ + ಇಂಗಾಲದ ಡೈಆಕ್ಸೈಡ್ + ಶಾಖ → 2 ಕಾರ್ಬನ್ ಮೊನಾಕ್ಸೈಡ್

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬುಡುವಾರ್ ಅವರ ಹೆಸರಿನಲ್ಲಿ ಇದಕ್ಕೆ ಬುಡುವಾರ್ ಕ್ರಿಯೆ ಎನ್ನುತ್ತಾರೆ. ನೀರಾವಿಯೂ ಮಸಿಯನ್ನು ತಿಂದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಕೊಡುತ್ತದೆ. ಕ್ಷಣದಲ್ಲೇ ಹೊರತೆಗೆದರೆ ವ್ಯತ್ಯಾಸ ಸಣ್ಣದು. ಹೊತ್ತು ಹೋದಂತೆ ಮಸಿಯ ತೂಕ ಇಳಿಯುತ್ತದೆ, ಒಳಗೆಲ್ಲ ಸೂಕ್ಷ್ಮ ತೂತುಗಳಾಗುತ್ತವೆ. ಗೆರಟೆ ಮಸಿಯಿಂದ ನೀರು ಶುದ್ಧ ಮಾಡುವ ಸಕ್ರಿಯ ಇಂಗಾಲ ತಯಾರಿಸುವುದು ಹೀಗೆಯೇ. ಅದರ ಒಂದು ಗ್ರಾಮಿನ ಒಳಮೈ ಸುಮಾರು 1000 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 25 ಸೆಂಟ್ಸ್ ಜಾಗ!

ಮಾಡಿ ನೋಡಿ (ಬಯಲಿನಲ್ಲಿ, ಅಧ್ಯಾಪಕರ ಎದುರು ಮಾತ್ರ)

ತಗಡಿನ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಮಾಡಿ. 100 ಗ್ರಾಂ ಒಣ ಗೆರಟೆ ಚೂರು ತುಂಬಿ ಬೆಂಕಿಯಲ್ಲಿಡಿ. ತೂತಿನಿಂದ ಬರುವ ಆವಿ ಹೊತ್ತಿಕೊಳ್ಳುತ್ತದೆ. ಒಳಗಿನ ಆವಿ ಗಾಳಿಯನ್ನು ಹೊರದೂಡಿದ್ದರಿಂದ ಗೆರಟೆ ಉರಿಯುವುದಿಲ್ಲ. ಜ್ವಾಲೆ ನಿಂತ ಮೇಲೆ ಡಬ್ಬಿಯನ್ನು ಇಕ್ಕಳದಿಂದ ಹೊರತೆಗೆದು, ತೂತಿಗೆ ಹಸಿ ಮಣ್ಣು ಮೆತ್ತಿ, ಪೂರ್ತಿ ತಣಿಯಲು ಬಿಡಿ. ನಂತರ ಮಸಿಯನ್ನು ತೂಗಿ. ಎಚ್ಚರ: ತೂತಿಲ್ಲದ ಡಬ್ಬಿಯನ್ನು ಬೆಂಕಿಗೆ ಇಡಲೇಬಾರದು, ಒತ್ತಡಕ್ಕೆ ಸಿಡಿದೀತು.

ಮನೆಯಲ್ಲಿ ಹೇಳಬೇಕಾದ ಮಾತು

ಬುಡುವಾರ್ ಕ್ರಿಯೆ ಪ್ರಯೋಗಶಾಲೆಯಲ್ಲಿ ಮಾತ್ರ ನಡೆಯುವುದಲ್ಲ, ಅಗ್ಗಿಷ್ಟಿಕೆಯಲ್ಲೂ ನಡೆಯುತ್ತದೆ. ಕೆಂಡದ ರಾಶಿಯ ಅಡಿಯಲ್ಲಿ ಗಾಳಿ ತಾಗಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ಕೆಂಪು ಕೆಂಡಗಳ ನಡುವೆ ಹಾಯುವಾಗ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮೇಲೆ ಕಾಣುವ ನೀಲಿ ಜ್ವಾಲೆ ಅದು ಉರಿಯುವ ಗುರುತು. ಉರಿಯದೆ ಉಳಿದದ್ದು ಕೋಣೆಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬರಬಹುದು. ಮಲಗಿದವರು ಏಳದೆಯೇ ಹೋಗಬಹುದು.

ನೀಲಗಿರಿಯ ಚಳಿಗೋ, ನಮ್ಮ ಕಾಸರಗೋಡಿನ ಮಳೆಗಾಲದ ಥಂಡಿಗೋ, "ಕೆಂಡದಲ್ಲಿ ಹೊಗೆ ಇಲ್ಲ, ಏನೂ ಆಗ್ಲಿಕ್ಕಿಲ್ಲ" ಅಂತ ಅದನ್ನು ಮುಚ್ಚಿದ ಕೋಣೆಗೆ ತರಬೇಡಿ. ಹೊಗೆ ಇಲ್ಲ, ನಿಜ. ಆವಿಯಾಗಿ ಹೊರಡುವುದೆಲ್ಲ ಮೊದಲೇ ಹೊರಟುಹೋಗಿದೆ, ಅದಕ್ಕೇ ಹೊಗೆ ಇಲ್ಲ. ಹೊಗೆ ಇಲ್ಲ ಎಂದರೆ ವಿಷವಿಲ್ಲ ಎಂದಲ್ಲ. ಯಾರಿಗಾದರೂ ತಲೆ ಸುತ್ತಿದರೆ ಕೂಡಲೇ ಬಾಗಿಲು ತೆರೆದು, ಹೊರಗಿನ ಗಾಳಿಗೆ ಕರೆತಂದು, ಆಸ್ಪತ್ರೆಗೆ ಒಯ್ಯಬೇಕು. ಇವತ್ತೇ ಅಜ್ಜ ಅಜ್ಜಿಯರಿಗೆ ಹೇಳಿ.

ಅಭ್ಯಾಸ

1. ಡಬ್ಬಿ ತಣಿಯುವ ಮೊದಲು ತೂತು ಮುಚ್ಚುವುದು ಯಾಕೆ?
2. 500 ಡಿಗ್ರಿಯಲ್ಲಿ ಸುಮ್ಮನಿರುವ ಇಂಗಾಲದ ಡೈಆಕ್ಸೈಡ್ 900 ಡಿಗ್ರಿಯಲ್ಲಿ ಏನು ಮಾಡುತ್ತದೆ?
3. 12 ಗ್ರಾಂ ಇಂಗಾಲ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಜೊತೆ ಪೂರ್ತಿ ವರ್ತಿಸಿದರೆ ಎಷ್ಟು ಗ್ರಾಂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ? (ಉತ್ತರ: 56 ಗ್ರಾಂ. ಹೇಗೆ ಎಂದು ತೋರಿಸಿ.)