ಗಲ್ಫ್‌ನಲ್ಲಿ ಕಲಿಸಿದ ವರ್ಷಗಳು ಪಿಂಚಣಿಗೆ ಬರುತ್ತವೆಯೇ?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಗಲ್ಫ್‌ಗೆ ದುಡಿಯಲು ಹೋಗುವುದು ಹೊಸದಲ್ಲ. ಹಾಗೆ ಹೋದವರಲ್ಲಿ ಶಿಕ್ಷಕರೂ ಇದ್ದಾರೆ. ಊರಿಗೆ ಮರಳಿದ ಮೇಲೆ ಅವರು ಕೇಳುವುದು ಒಂದೇ ಪ್ರಶ್ನೆ: ಅಲ್ಲಿನ ಸೇವೆ ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ?

ಬರುವುದಿಲ್ಲ. ಗಲ್ಫ್ ದೇಶಗಳೊಂದಿಗೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದವಿಲ್ಲ. ಜರ್ಮನಿ, ಕೆನಡಾದಂಥ ದೇಶಗಳೊಂದಿಗೆ ಇದೆ. ಅಲ್ಲಿ ವಂತಿಗೆ ಕಟ್ಟಿದ ಅವಧಿಯನ್ನು ಅರ್ಹತೆಗಾಗಿ ಕೂಡಿಸಿಕೊಳ್ಳಬಹುದು. ಗಲ್ಫ್‌ನಲ್ಲಿ ನಮ್ಮವರಿಗೆ ಸಿಗುವುದು ಸೇವಾಂತ್ಯದ ಗ್ರಾಚ್ಯುಟಿ. ಯುಎಇಯಲ್ಲಿ ಮೊದಲ 5 ವರ್ಷಕ್ಕೆ ತಲಾ 21 ದಿನದ, ಆಮೇಲೆ ತಲಾ 30 ದಿನದ ಮೂಲ ವೇತನ. ಅದನ್ನು ವಿಮಾನ ಹತ್ತುವ ಮೊದಲೇ ವಸೂಲು ಮಾಡಿಕೊಳ್ಳಿ. ಶಾಲೆ ಸತಾಯಿಸಿದರೆ ಅಲ್ಲಿನ ಕಾರ್ಮಿಕ ಇಲಾಖೆಗೂ ನಮ್ಮ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ಗೂ ದೂರು ಕೊಡಿ.

ನಿಜವಾದ ನಷ್ಟ ಆಗುವುದು ಇಲ್ಲಿಂದ ಗಲ್ಫ್‌ಗೆ ಹೊರಡುವ ಗಡಿಬಿಡಿಯಲ್ಲಿ. ಕಾಗಾಲದ ಶಿಕ್ಷಕಿಯೊಬ್ಬರು ಕುಮಟಾದ ಖಾಸಗಿ ಶಾಲೆಯಲ್ಲಿ 5 ವರ್ಷ, ಮಸ್ಕತ್‌ನಲ್ಲಿ 12 ವರ್ಷ, ತಿರುಗಿ ಬಂದು ಮತ್ತೆ 5 ವರ್ಷ ಕಲಿಸಿದರು ಎಂದಿಟ್ಟುಕೊಳ್ಳಿ. ಇಲ್ಲಿನ ಎರಡೂ ಅವಧಿಗೆ ಪಿಎಫ್ ಕಟ್ಟಿದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 58ರ ವಯಸ್ಸಿನಿಂದ ಮಾಸಿಕ ಪಿಂಚಣಿ ಸಿಗಲು 10 ವರ್ಷದ ಸೇವೆ ಬೇಕು. ಹೊರಡುವಾಗ 10-ಸಿ ಅರ್ಜಿಯಲ್ಲಿ ಹಣ ಹಿಂಪಡೆದಿದ್ದರೆ ಮೊದಲ 5 ವರ್ಷ ಅಲ್ಲಿಗೇ ಮುಗಿಯಿತು. ಉಳಿದ ಐದಕ್ಕೆ ಪಿಂಚಣಿ ಇಲ್ಲ. ಅದೇ ಅರ್ಜಿಯಲ್ಲಿ ಹಣದ ಬದಲು ಯೋಜನಾ ಪ್ರಮಾಣಪತ್ರ ಕೇಳಿದ್ದರೆ ಐದೂ ಐದೂ ಸೇರಿ ಹತ್ತಾಗುತ್ತಿತ್ತು. ಪಿಂಚಣಿ ವೇತನ 15,000 ರೂಪಾಯಿ ಎಂದರೆ 15,000ವನ್ನು 10ರಿಂದ ಗುಣಿಸಿ 70ರಿಂದ ಭಾಗಿಸಿ, ತಿಂಗಳಿಗೆ ಸುಮಾರು 2,143 ರೂಪಾಯಿ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಜೀವನಪೂರ್ತಿ ಬರುವಂಥದ್ದು, ಅವರ ನಂತರ ಕುಟುಂಬಕ್ಕೂ ಒಂದು ಪಾಲು ಉಂಟು. ಒಂದು ಅರ್ಜಿಯಲ್ಲಿ ತಪ್ಪು ಆಯ್ಕೆ ಮಾಡಿದ್ದಕ್ಕೆ ಅದನ್ನು ಕಳೆದುಕೊಳ್ಳುವುದು ಅನ್ಯಾಯವೇ ಸರಿ.

ಸರಕಾರಿ ಶಿಕ್ಷಕರ ದಾರಿ ಬೇರೆ. ವಿದೇಶಕ್ಕೆ ಹೋಗುವ ಮುನ್ನ ಇಲಾಖೆಯ ಲಿಖಿತ ಅನುಮತಿ ಬೇಕು. ಅನ್ಯಸೇವೆಯ ಮೇಲೆ ನಿಯೋಜನೆಯಾದರೆ ಪಿಂಚಣಿ ವಂತಿಗೆ ಕಟ್ಟಿದ್ದಕ್ಕೆ ದಾಖಲೆ ಇರಬೇಕು. ಆ ಆದೇಶ ಸೇವಾ ಪುಸ್ತಕಕ್ಕೆ ಏರಿದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕಣ್ಣಾರೆ ನೋಡಿ. ಏರದಿದ್ದರೆ ನಿವೃತ್ತಿ ಹೊತ್ತಿಗೆ ಕಡತ ತಕರಾರಿಗೆ ಸಿಕ್ಕಿಬೀಳುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಾದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ (ಎನ್‌ಪಿಎಸ್) ಖಾತೆಯನ್ನೂ ಪರಿಶೀಲಿಸಿ.

ಕಚೇರಿ ಬಾಯಿಮಾತಿನಲ್ಲೇ ಸಾಗಹಾಕಿದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಸೇವಾ ಪುಸ್ತಕದ ನಕಲು ಕೇಳಿ. 30 ದಿನದೊಳಗೆ ಉತ್ತರ ಬರಬೇಕು; ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಪಿಎಫ್ ತಕರಾರಿಗೆ ಜಿಲ್ಲೆಗಳಲ್ಲಿ ಪ್ರತಿ ತಿಂಗಳ 27ರಂದು ಭವಿಷ್ಯ ನಿಧಿ ಸಂಘಟನೆಯ 'ನಿಧಿ ಆಪ್ಕೆ ನಿಕಟ್' ಶಿಬಿರ ನಡೆಯುತ್ತದೆ. ಪಿಎಫ್‌ನ ಸಾರ್ವತ್ರಿಕ ಖಾತೆ ಸಂಖ್ಯೆ (ಯುಎಎನ್), ಹಳೆಯ ಶಾಲೆಗೆ ಸೇರಿದ ಮತ್ತು ಬಿಟ್ಟ ದಿನಾಂಕದ ದಾಖಲೆ, ಆಧಾರ್ ಹಿಡಿದು ಹೋಗಿ.

ಈಗ ಹೊರಡುವ ತಯಾರಿಯಲ್ಲಿರುವ ಶಿಕ್ಷಕರಲ್ಲಿ ಒಂದೇ ವಿನಂತಿ: ಪಿಂಚಣಿ ಪಾಲಿನ ಹಣ ತೆಗೆಯಬೇಡಿ, ಯೋಜನಾ ಪ್ರಮಾಣಪತ್ರ ಕೇಳಿ ಪಡೆಯಿರಿ.