ಪನ್ಹಾಳಗಡ

(ಕೋಟೆಯೆಂದರೆ ಕೇವಲ ಕಲ್ಲಿನ ಗೋಡೆಯಲ್ಲ. ಅನ್ನ, ನೀರು ಮತ್ತು ನಿಷ್ಠಾವಂತ ಜನರಿದ್ದರೆ ಮಾತ್ರ ಅದು ಉಳಿಯುತ್ತದೆ. ನಮ್ಮ ಜಿಲ್ಲೆಯ ಪ್ರಸಿದ್ಧ ಕೋಟೆಯೊಂದರ ರಚನೆ ಮತ್ತು ಇತಿಹಾಸವನ್ನು ಈ ಪಾಠದಲ್ಲಿ ಪರಿಚಯಿಸಲಾಗಿದೆ.)

ವಿದ್ಯಾರ್ಥಿಗಳೇ, ನೀವು ಇಚಲಕರಂಜಿಯವರಾಗಿರಲಿ, ಗಡಹಿಂಗ್ಲಜದವರಾಗಿರಲಿ, ಪನ್ಹಾಳಗಡದ ಹೆಸರನ್ನು ಕೇಳಿಯೇ ಇರುತ್ತೀರಿ. ಕೊಲ್ಹಾಪುರದಿಂದ ವಾಯವ್ಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 845 ಮೀಟರ್ ಎತ್ತರದಲ್ಲಿ ಈ ಕೋಟೆಯಿದೆ. ಸುತ್ತಲಿನ ಬಯಲಿನಿಂದ ನೋಡಿದರೆ ಅದು 400 ಮೀಟರಿಗಿಂತಲೂ ಎತ್ತರದಲ್ಲಿ ನಿಂತಿದೆ.

ಈ ಕೋಟೆಯನ್ನು ಕಟ್ಟಿಸಿದವನು ಶಿಲಾಹಾರ ವಂಶದ ಎರಡನೆಯ ಭೋಜರಾಜ. ಕಾಲ ಹನ್ನೆರಡನೆಯ ಶತಮಾನದ ಕೊನೆ. ಕೊಲ್ಹಾಪುರದ ಶಿಲಾಹಾರರ ಅನೇಕ ಶಾಸನಗಳು ಕನ್ನಡದಲ್ಲಿವೆ ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಗಡಹಿಂಗ್ಲಜದ ಹತ್ತಿರದ ಸಾಮಾನಗಡವೂ ಭೋಜರಾಜನದೇ ಎಂದು ಪ್ರತೀತಿಯಿದೆ. ದೇವಗಿರಿಯ ಯಾದವ ಸಿಂಘಣನು ಭೋಜನನ್ನು ಸೋಲಿಸಿದ ಮೇಲೆ ಪನ್ಹಾಳಗಡ ಯಾದವರ ಕೈಸೇರಿತು. ಮುಂದೆ ಬಹಮನಿ ಸುಲ್ತಾನರು, ವಿಜಾಪುರದ ಆದಿಲಶಾಹಿಗಳು, ಮರಾಠರು, ಮೊಗಲರು ಹೀಗೆ ಅನೇಕರು ಇದನ್ನು ಆಳಿದರು.

ಅದೇ ಹನ್ನೆರಡನೆಯ ಶತಮಾನದಲ್ಲಿ ದೂರದ ಜರ್ಮನಿಯ ಹಳ್ಳಿಗಾಡಿನಲ್ಲಿ ಎಲ್ಟ್ಸ್ ಎಂಬ ಕೋಟೆಮನೆ ತಲೆಯೆತ್ತಿತು. ಅಂದಿನಿಂದ ಇಂದಿನವರೆಗೂ ಅದು ಒಂದೇ ಮನೆತನದ ಕೈಯಲ್ಲಿದೆ. ನಮ್ಮ ಪನ್ಹಾಳಗಡದ ಹಣೆಬರಹ ಬೇರೆ. ಕೊಂಕಣದ ಬಂದರುಗಳಿಂದ ಘಟ್ಟ ಹತ್ತಿ ಬರುವ ವ್ಯಾಪಾರದ ದಾರಿಯನ್ನು ಇದು ಕಾಯುತ್ತಿತ್ತು. ಆದ್ದರಿಂದ ಪ್ರತಿಯೊಬ್ಬ ಅರಸನಿಗೂ ಇದರ ಮೇಲೆ ಕಣ್ಣು.

ಈಗ ಕೋಟೆಯ ರಚನೆಯನ್ನು ನೋಡೋಣ. ಇದರ ಸುತ್ತಳತೆ ಏಳು ಕಿ.ಮೀ.ಗೂ ಹೆಚ್ಚು. ಸುಮಾರು ಅರ್ಧಭಾಗಕ್ಕೆ ಕಡಿದಾದ ಬಂಡೆಯೇ ರಕ್ಷಣೆ. ಉಳಿದ ಕಡೆ ಐದರಿಂದ ಒಂಬತ್ತು ಮೀಟರ್ ದಪ್ಪದ ಕಲ್ಲಿನ ಗೋಡೆಯಿದೆ. ನಿಸರ್ಗ ಕೊಟ್ಟದ್ದನ್ನು ಬಿಡದೆ, ಅದು ಕೊಡದ ಕಡೆ ಮಾತ್ರ ಗೋಡೆ ಕಟ್ಟಿದ ಜಾಣತನವನ್ನು ಗಮನಿಸಿರಿ.

ಪಶ್ಚಿಮದಲ್ಲಿರುವುದು ತೀನ ದರವಾಜಾ. ಇಲ್ಲಿ ಒಂದು ಬಾಗಿಲನ್ನು ಮುರಿದು ಒಳಬಂದ ವೈರಿಗೆ ಮುಂದೆ ಮತ್ತೊಂದು ಬಾಗಿಲು ಎದುರಾಗುತ್ತದೆ. ನಡುವಿನ ಅಂಗಳದಲ್ಲಿ ಅವನು ಬೋನಿಗೆ ಬಿದ್ದ ಹಾಗೆ ಸಿಕ್ಕಿಬೀಳುತ್ತಾನೆ. ಇದರ ಹತ್ತಿರವೇ ಮೂರು ಅಂತಸ್ತಿನ ಅಂಧಾರ ಬಾವಡಿಯಿದೆ. ಮುತ್ತಿಗೆ ಹಾಕಿದವರು ಮೊದಲು ನೀರಿಗೆ ವಿಷ ಬೆರೆಸಲು ಹವಣಿಸುತ್ತಿದ್ದರು. ಅದಕ್ಕಾಗಿಯೇ ಬಾವಿಯನ್ನು ಕಟ್ಟಡದ ತಳದಲ್ಲಿ ಅಡಗಿಸಿ, ಮೇಲೆ ಕಾವಲುಗಾರರಿಗೆ ಸ್ಥಳ ಮಾಡಿದರು. ನಡುವಿನ ಅಂತಸ್ತಿನಿಂದ ಕೋಟೆಯ ಹೊರಗೆ ಹೋಗಲು ಗುಪ್ತ ದಾರಿಯೂ ಉಂಟು.

ಕೋಟೆಯ ನಡುವೆ ಅಂಬರಖಾನಾ ಎಂಬ ಧಾನ್ಯದ ಉಗ್ರಾಣಗಳಿವೆ. ಗಂಗಾ, ಯಮುನಾ, ಸರಸ್ವತಿ ಎಂದು ಅವುಗಳ ಹೆಸರು. ಎಲ್ಲಕ್ಕಿಂತ ದೊಡ್ಡದಾದ ಗಂಗಾ ಕೋಠಿಯ ಎತ್ತರ ಸುಮಾರು 35 ಅಡಿ. ಮೆಟ್ಟಿಲು ಹತ್ತಿ ಮೇಲೆ ಹೋಗಿ, ಚಾವಣಿಯ ರಂಧ್ರಗಳಿಂದ ಧಾನ್ಯವನ್ನು ಒಳಗೆ ಸುರಿಯುತ್ತಿದ್ದರು. ನದಿಗಳ ಹೆಸರನ್ನು ಕಣಜಗಳಿಗೆ ಇಟ್ಟವರಿಗೆ ಅನ್ನದ ಬೆಲೆ ಗೊತ್ತಿತ್ತು.

ಈ ಅನ್ನ ನೀರಿನ ಸತ್ವಪರೀಕ್ಷೆ 1660ರಲ್ಲಿ ನಡೆಯಿತು. ಶಿವಾಜಿ ಮಹಾರಾಜರು ಕೋಟೆಯಲ್ಲಿದ್ದಾಗ ಆದಿಲಶಾಹಿಯ ಸರದಾರ ಸಿದ್ದಿ ಜೌಹರನು ಮುತ್ತಿಗೆ ಹಾಕಿದನು. ರಾಜಾಪುರದ ಇಂಗ್ಲಿಷರು ಅವನಿಗೆ ತೋಪುಗಳ ನೆರವು ನೀಡಿದರು. ನಾಲ್ಕು ತಿಂಗಳು ಕಳೆದರೂ, ಮಳೆಗಾಲ ಬಂದರೂ ಅವನು ಜಗ್ಗಲಿಲ್ಲ. ಗೋಡೆಗಳು ಗಟ್ಟಿಯಾಗಿದ್ದವು. ಆದರೆ ಹೊರಗಿನಿಂದ ಏನೂ ಬಾರದಿದ್ದರೆ ಎಂಥ ಕಣಜವಾದರೂ ಒಂದು ದಿನ ಬರಿದಾಗಲೇಬೇಕಲ್ಲವೇ?

ಜುಲೈ ತಿಂಗಳ ಒಂದು ಮಳೆಯ ರಾತ್ರಿ ಮಹಾರಾಜರು ರಾಜದಿಂಡಿ ಎಂಬ ದಿಡ್ಡಿಬಾಗಿಲಿನಿಂದ ಹೊರಬಿದ್ದು ವಿಶಾಳಗಡದ ಕಡೆಗೆ ಸಾಗಿದರು. ಕೋಟೆಯ ಬುಡದ ನೇಬಾಪುರದ ಕ್ಷೌರಿಕ ಶಿವಾ ಕಾಶೀದನು ಮಹಾರಾಜರ ವೇಷ ಧರಿಸಿ ಇನ್ನೊಂದು ಪಲ್ಲಕ್ಕಿಯಲ್ಲಿ ಕುಳಿತನೆಂದು ಐತಿಹ್ಯ ಹೇಳುತ್ತದೆ. ತಾನು ಸಿಕ್ಕಿಬಿದ್ದರೆ ಉಳಿಯುವುದಿಲ್ಲವೆಂದು ಅವನಿಗೆ ತಿಳಿದಿತ್ತು. ಅವನು ಪ್ರಾಣ ಕೊಟ್ಟನು. ಘೋಡಖಿಂಡಿಯ ಇಕ್ಕಟ್ಟಿನ ಕಣಿವೆಯಲ್ಲಿ ಬಾಜೀಪ್ರಭು ದೇಶಪಾಂಡೆ ವೈರಿಗಳನ್ನು ತಡೆದು ನಿಂತು ವೀರಮರಣ ಹೊಂದಿದನು. ಆ ಸ್ಥಳ ಇಂದು ಪಾವನಖಿಂಡಿ ಎನಿಸಿದೆ. ಬಂಡೆಗೋಡೆಗಳು ಮಾಡಲಾಗದ ಕೆಲಸವನ್ನು ಈ ಮನುಷ್ಯರು ಮಾಡಿದರು.

ಅದೇ ವರ್ಷ ಕೋಟೆ ಆದಿಲಶಾಹಿಗೆ ಹೋಯಿತು. 1673ರಲ್ಲಿ ಕೊಂಡಾಜಿ ಫರ್ಜಂದನು ಸುಮಾರು 60 ಜನರೊಡನೆ ರಾತ್ರಿ ಬಂಡೆ ಹತ್ತಿ ಅದನ್ನು ಮರಳಿ ಗೆದ್ದನು. ಎರಡೂ ಘಟನೆಗಳನ್ನು ಹೋಲಿಸಿ ನೋಡಿರಿ. ದೊಡ್ಡ ಸೈನ್ಯಕ್ಕೆ ತಿಂಗಳುಗಟ್ಟಲೆ ಮಣಿಯದ ಕೋಟೆ ಬೆರಳೆಣಿಕೆಯ ಧೀರರಿಗೆ ಒಂದೇ ರಾತ್ರಿ ಮಣಿಯಿತು!

ಮುಂದೆ ಮಹಾರಾಣಿ ತಾರಾಬಾಯಿಯು ಪನ್ಹಾಳಗಡವನ್ನು ರಾಜಧಾನಿ ಮಾಡಿಕೊಂಡಳು. 1729ರಲ್ಲಿ ಮರಾಠಿ ಕವಿ ಮೋರೋಪಂತರು ಹುಟ್ಟಿದ್ದು ಇಲ್ಲಿಯೇ. 1782ರಲ್ಲಿ ರಾಜಧಾನಿ ಕೊಲ್ಹಾಪುರಕ್ಕೆ ಹೋಯಿತು. 1844ರಲ್ಲಿ ಗಡಕರಿಗಳು ತಮ್ಮ ಪರಂಪರೆಯ ಹಕ್ಕುಗಳಿಗೆ ಧಕ್ಕೆ ಬಂದಾಗ ಬಂಡೆದ್ದರು. ಸಾಮಾನಗಡದಲ್ಲಿ ಹೊತ್ತಿದ ಕಿಡಿ ಪನ್ಹಾಳಗಡಕ್ಕೂ ಹಬ್ಬಿತು. ಡಿಸೆಂಬರ್ 1ರಂದು ಇಂಗ್ಲಿಷರ ತೋಪುಗಳು ಗೋಡೆಯನ್ನು ಒಡೆದವು. ಅನಂತರ ಕೋಟೆಯ ಚಾರ ದರವಾಜಾವನ್ನು ಕೆಡವಲಾಯಿತು.

2025ರ ಜುಲೈಯಲ್ಲಿ ಯುನೆಸ್ಕೊ ಸಂಸ್ಥೆಯು ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಪನ್ಹಾಳಗಡವೂ ಒಂದು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕೋಟೆ ಉಳಿಯುವುದಿಲ್ಲ. ಎಂಟು ನೂರು ವರ್ಷ ಬಾಳಿದ ಕಲ್ಲಿನ ಮೇಲೆ ಹೆಸರು ಕೊರೆಯಲು ಒಂದು ಮೊಳೆ ಸಾಕು. ಹಿಂದೆ ಗಡಕರಿಗಳು ಕಾದ ಗೋಡೆಯನ್ನು ಇಂದು ಕಾಯಬೇಕಾದವರು ಯಾರು? ನೀವು ಗಡಕ್ಕೆ ಹೋದಾಗ ಈ ಪ್ರಶ್ನೆಯನ್ನು ನೆನೆಯಿರಿ.

ಶಬ್ದಾರ್ಥ
ಅಂತಸ್ತು – ಮಾಳಿಗೆ. ಹವಣಿಸು – ಪ್ರಯತ್ನಿಸು. ದಿಡ್ಡಿಬಾಗಿಲು – ಕೋಟೆಯ ಚಿಕ್ಕ ಬಾಗಿಲು. ಗಡಕರಿ – ಕೋಟೆಯನ್ನು ಕಾಯುವವನು

ಅಭ್ಯಾಸ
1. ಅಂಧಾರ ಬಾವಡಿಯನ್ನು ಹಾಗೆ ಕಟ್ಟಲು ಕಾರಣವೇನು?
2. ಶಿವಾ ಕಾಶೀದನ ತ್ಯಾಗವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
3. ‘ಕೋಟೆಯ ನಿಜವಾದ ಬಲ ಗೋಡೆಯಲ್ಲಿಲ್ಲ’ – ಪಾಠದ ಆಧಾರದಿಂದ ಚರ್ಚಿಸಿರಿ.

ಉಪಕ್ರಮ: ನಿಮ್ಮೂರಿನ ಹತ್ತಿರದ ಕೋಟೆ, ವಾಡೆ ಅಥವಾ ಹಳೆಯ ಬಾವಿಯ ಬಗ್ಗೆ ಹಿರಿಯರಿಂದ ಮಾಹಿತಿ ಸಂಗ್ರಹಿಸಿ ಬರೆಯಿರಿ.