ಬ್ರಷ್ ತೊಳೆದರೆ ಸಾಲದು, ಒಣಗಲೂ ಬೇಕು

ವಾರಕ್ಕೊಮ್ಮೆ ಮೇಕಪ್ ಬ್ರಷ್ಷಿಗೆ ಸ್ಪಿರಿಟ್ ಚಿಮುಕಿಸಿ ಒರೆಸಿದರೂ ಕೆನ್ನೆಯ ಮೇಲೆ ಮೊಡವೆ ಏಳುತ್ತಿದೆ ಎಂದು ಬರೆದಿದ್ದೀರಿ. ಮೊಡವೆಗೆ ಕಾರಣ ಹಲವು, ಎಲ್ಲ ತಪ್ಪನ್ನೂ ಬ್ರಷ್ ಮೇಲೆ ಹೊರಿಸಲಾರೆ. ಆದರೆ ಸ್ಪಿರಿಟ್ ರೋಗಾಣುಗಳನ್ನು ಕೊಂದರೂ ಕೂದಲ ಬುಡದಲ್ಲಿ ಕೂತ ಫೌಂಡೇಶನ್ ಜಿಡ್ಡನ್ನು, ಸತ್ತ ಚರ್ಮವನ್ನು ಹೊರಗೆ ಹಾಕುವುದಿಲ್ಲ. ಅದಕ್ಕೆ ಉಗುರುಬೆಚ್ಚಗಿನ ನೀರು, ಒಂದು ಹನಿ ಬೇಬಿ ಶಾಂಪೂ ಬೇಕು. ಕೂದಲು ಕೆಳಮುಖವಾಗಿರಲಿ, ಅಂಗೈಯಲ್ಲಿ ಮೆಲ್ಲಗೆ ಸುತ್ತಿಸಿ. ಹಿಂಡಿದ ನೀರು ತಿಳಿಯಾಗುವವರೆಗೂ ಬಿಡಬೇಡಿ.

‘ನಾನೊಬ್ಬಳೇ ಬಳಸುವುದಲ್ಲವೇ’ ಎಂಬ ನಿಮ್ಮ ವಾದ ಅರ್ಧ ಸರಿ. ಬೇರೆಯವರ ಸೋಂಕು ತಗಲದು, ನಿಜ. ಆದರೆ ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಬಳಸುತ್ತಿದ್ದ ಮೇಕಪ್ ಸಾಮಗ್ರಿಗಳ ಬಹುಪಾಲಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕವು. ಅತಿ ಹೆಚ್ಚು ಸಿಕ್ಕಿದ್ದು ಒದ್ದೆಯಾಗಿಯೇ ಉಳಿಯುವ ಸ್ಪಂಜುಗಳಲ್ಲಿ. ಅವುಗಳಲ್ಲಿ ಶೇ 93ರಷ್ಟು ಒಮ್ಮೆಯೂ ನೀರು ಸೋಪು ಕಂಡಿರಲಿಲ್ಲ. ಕೊಳೆಯ ಜೊತೆ ತೇವ ಸೇರಿದಾಗಲೇ ತೊಂದರೆ ಹೆಚ್ಚು. ಹಾಗಾಗಿ ತೊಳೆದು ಬಚ್ಚಲುಮನೆಯ ಲೋಟದಲ್ಲಿ ನಿಲ್ಲಿಸಿಟ್ಟರೆ ಪಟ್ಟ ಶ್ರಮ ಅರ್ಧ ವ್ಯರ್ಥ. ಪದೇ ಪದೇ ತೊಳೆದರೆ ಬ್ರಷ್ ಹಾಳಾಗುತ್ತದೆ ಎನ್ನುವವರಿದ್ದಾರೆ. ಹಾಳಾಗುವುದು ಬಿಸಿನೀರಿನಿಂದ, ಮತ್ತು ನೀರು ಲೋಹದ ಪಟ್ಟಿಯೊಳಗೆ ಇಳಿದು ಅಂಟು ಸಡಿಲವಾಗುವುದರಿಂದ. ಅಮೆರಿಕದ ಚರ್ಮವೈದ್ಯರ ಸಂಘ 7ರಿಂದ 10 ದಿನಕ್ಕೊಮ್ಮೆ ತೊಳೆಯಿರಿ ಎನ್ನುತ್ತದೆ, ಅಷ್ಟು ಸಾಕು. ಟವೆಲ್ಲಿನಲ್ಲಿ ಒತ್ತಿ, ಕೂದಲು ಮೇಜಿನ ಅಂಚಿನಿಂದ ಹೊರಚಾಚುವಂತೆ ಮಲಗಿಸಿಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿದ್ದರೆ, ರಾತ್ರಿಯಿಡೀ ಫ್ಯಾನಿನ ಕೆಳಗಿರಲಿ. ದಪ್ಪ ಪೌಡರ್ ಬ್ರಷ್ಷಿನ ನಡುಭಾಗವನ್ನು ಬೆರಳಿನಿಂದ ಬಿಡಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ.